ಮನೆಗಳವು ತಡೆ ಮತ್ತು ಪತ್ತೆಯಲ್ಲಿ ಮನೆಬಳಕೆಯ ತಂತ್ರಜ್ಞಾನ

ಬೀಗ ಹಾಕಿದ ಅಥವಾ ಜನರು ಮಲಗಿರುವ ಮನೆಯೊಳಕ್ಕೆ ಕಳ್ಳರು ನುಗ್ಗದಂತೆ ತಡೆಯಲು, ನುಗ್ಗಿದವರನ್ನು ಗುರುತಿಸಲು ಮತ್ತು ಕಳವಾದ ಒಡವೆ ವಸ್ತುಗಳನ್ನು ಮರಳಿ ಪಡೆಯಲು ಸಾಮಾನ್ಯ ಕುಟುಂಬವೊಂದು ಅಂಗಡಿಯಲ್ಲಿ ಕೊಂಡು ತಾನೇ ಬಳಸಬಹುದಾದ ಸಾಧನಗಳ ಕುರಿತು ಈ ಲೇಖನ ವಿವರಿಸುತ್ತದೆ. ಸಿಸಿ ಕ್ಯಾಮರಾ, ಬಾಗಿಲು ತೆರೆದರೆ ಕೂಗುವ ಸೈರನ್, ಚಲನೆಯನ್ನು ಗ್ರಹಿಸುವ ಸಂವೇದಕ, ಎಲ್ಲಕ್ಕಿಂತ ಹೆಚ್ಚಾಗಿ ಕೈಯಲ್ಲಿರುವ ಮೊಬೈಲ್ ಫೋನು ಈ ಸಾಧನಗಳಲ್ಲಿ ಮುಖ್ಯವಾದವು. ಕನ್ನಡದಲ್ಲಿ ಈ ಅಪರಾಧಕ್ಕೆ ಇರುವ ಹಳೆಯ ಮಾತು 'ಕನ್ನ'. ಮಣ್ಣಿನ ಗೋಡೆಯನ್ನು ಕೊರೆದು ಮೈ ತೂರುವಷ್ಟು ಮಾಡಿದ ಕಿಂಡಿಗೆ ಆ ಹೆಸರು, ಹಾಗೆ ಕೊರೆಯುವವನು ಕನ್ನಗಳ್ಳ. ಗೋಡೆಗಳು ಇಟ್ಟಿಗೆ, ಸಿಮೆಂಟಿಗೆ ಬದಲಾಗಿ ಕೊರೆಯುವ ಕೆಲಸ ಬಾಗಿಲು ಮೀಟುವ ಕೆಲಸವಾದ ಮೇಲೂ ಪೊಲೀಸ್ ದಾಖಲೆಗಳು ಹಗಲು ಕನ್ನಗಳವು, ರಾತ್ರಿ ಕನ್ನಗಳವು ಎಂಬ ಪದಗಳನ್ನೇ ಉಳಿಸಿಕೊಂಡಿವೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 330ನೇ ಕಲಮು ಮನೆ ಒಡೆಯುವ ಆರು ಬಗೆಗಳನ್ನು ಹೇಳುವಾಗ, ನುಗ್ಗುವವನು ತಾನೇ ಮಾಡಿಕೊಂಡ ದಾರಿಯನ್ನು, ಅಂದರೆ ಕನ್ನವನ್ನು, ಮೊದಲನೆಯದಾಗಿ ಇಟ್ಟಿದೆ; ಬೀಗ ತೆರೆದು ಒಳಹೋಗುವುದೂ ಆ ಆರರಲ್ಲಿ ಒಂದು. ಸೂರ್ಯಾಸ್ತ ಮತ್ತು ಸೂರ್ಯೋದಯಗಳ ನಡುವೆ ಕಳವಿನ ಉದ್ದೇಶದಿಂದ ಮನೆ ಒಡೆದವರಿಗೆ 331ನೇ ಕಲಮಿನಂತೆ 14 ವರ್ಷಗಳವರೆಗೂ, ವಾಸದ ಮನೆಯಲ್ಲಿ ಕಳವು ಮಾಡಿದವರಿಗೆ 305ನೇ ಕಲಮಿನಂತೆ 7 ವರ್ಷಗಳವರೆಗೂ ಸೆರೆವಾಸ ವಿಧಿಸಬಹುದು.

ಈ ಸಾಧನಗಳ ಬಲವನ್ನೂ ಮಿತಿಯನ್ನೂ ಅರಿಯಲು ನಗರದ ಬಡಾವಣೆಗಿಂತ ಹಳ್ಳಿಯೇ ಒಳ್ಳೆಯ ನೆಲೆ. ಅಂಥದೊಂದು ಹಳ್ಳಿ ಮೈಸೂರು ಜಿಲ್ಲೆಯ ನಂಜನಗೂಡು ತಾಲ್ಲೂಕಿನ ಬದನವಾಳು, 1927ರಲ್ಲಿ ಗಾಂಧೀಜಿ ಭೇಟಿ ನೀಡಿದ ಖಾದಿ ಕೇಂದ್ರದಿಂದ ಹೆಸರಾದ ಊರು. ಈ ಸೀಮೆಯ ಹಳೆಯ ಮನೆಗಳ ರಚನೆಯಲ್ಲೇ ಕಾವಲು ಸೇರಿಕೊಂಡಿತ್ತು: ಬೀದಿಗೆ ತೆರೆದ ಜಗಲಿ, ಅಲ್ಲಿ ಹಗಲೆಲ್ಲ ಕೂತ ಹಿರಿಯರು, ನಡುವೆ ತೊಟ್ಟಿ, ಒಳಗಿನಿಂದ ಬಾಗಿಲಿಗೆ ಅಡ್ಡಲಾಗಿ ಹಾಕುವ ಮರದ ಅಗುಳಿ. ಊರಿಗೊಬ್ಬ ತಳವಾರನೂ ತೋಟಿಯೂ ಇದ್ದು, ರಾತ್ರಿಯ ಗಸ್ತು ಮತ್ತು ಅಪರಿಚಿತರ ಮೇಲಿನ ನಿಗಾ ವಂಶಪಾರಂಪರ್ಯದ ಕೆಲಸವಾಗಿ ನಡೆಯುತ್ತಿತ್ತು. 1961ರ ಕರ್ನಾಟಕ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಆ ವಂಶಪಾರಂಪರ್ಯವನ್ನು ಕೊನೆಗೊಳಿಸಿತು; ಹುಟ್ಟಿನಿಂದಲೇ ಒಬ್ಬನನ್ನು ಊರಿನ ಆಳಾಗಿಸುತ್ತಿದ್ದ ಪದ್ಧತಿ ಹೋದದ್ದು ನ್ಯಾಯವೇ. ಆದರೆ ರಾತ್ರಿ ಎಚ್ಚರವಿರುವ ಕೆಲಸವನ್ನು ಆಮೇಲೆ ಯಾರೂ ತಮ್ಮದೆಂದು ವಹಿಸಿಕೊಳ್ಳಲಿಲ್ಲ. ಇಂದು ನಂಜನಗೂಡಿನ ಕೈಗಾರಿಕಾ ಪ್ರದೇಶಕ್ಕೂ ಮೈಸೂರಿಗೂ ದಿನಗೂಲಿ, ಪಾಳಿ ಕೆಲಸಗಳಿಗೆ ಹೋಗುವವರು, ಓದಲು ಹೋಗುವ ಮಕ್ಕಳು, ಗದ್ದೆಗೆ ಹೋಗುವ ದೊಡ್ಡವರು ಎಂದು ಮನೆಮಂದಿಯೆಲ್ಲ ಬೆಳಗ್ಗೆ ಹೊರಟರೆ ಬೀದಿಯ ಹಲವು ಬಾಗಿಲುಗಳು ಸಂಜೆಯವರೆಗೆ ಬೀಗದಲ್ಲಿರುತ್ತವೆ. ನಂಜನಗೂಡಿನ ದೊಡ್ಡ ಜಾತ್ರೆ, ಮೈಸೂರಿನ ದಸರಾ, ತಿ. ನರಸೀಪುರದ ತ್ರಿವೇಣಿ ಸಂಗಮದ ಸ್ನಾನ, ನೆಂಟರ ಮನೆಯ ಮದುವೆ, ಇವುಗಳಲ್ಲಿ ರಾತ್ರಿಯೂ ಮನೆ ಖಾಲಿ. ಬೀಗದ ಕೈಯನ್ನು ಬಾಗಿಲ ಪಕ್ಕದ ಗೂಡಿನಲ್ಲೋ ಹೆಂಚಿನ ಸಂದಿಯಲ್ಲೋ ಇಟ್ಟುಹೋಗುವ ರೂಢಿ ಮಾತ್ರ ಹಳೆಯದೇ ಉಳಿದಿದೆ.

ಸಾಧನಗಳ ಇತಿಹಾಸ ಒಂದೂವರೆ ಶತಮಾನಕ್ಕೂ ಹೆಚ್ಚಿನದು. ಬಾಗಿಲು ಅಥವಾ ಕಿಟಕಿ ತೆರೆದೊಡನೆ ವಿದ್ಯುತ್ ಹರಿದು ಗಂಟೆ ಬಾರಿಸುವ ಏರ್ಪಾಟಿಗೆ ಅಮೆರಿಕದ ಅಗಸ್ಟಸ್ ಪೋಪ್ 1853ರಲ್ಲಿ ಪೇಟೆಂಟ್ ಪಡೆದನು. ಭಾರತದಲ್ಲಿ ಅರ್ದೇಶಿರ್ ಗೋದ್ರೇಜ್ 1897ರಲ್ಲಿ ಮುಂಬಯಿಯಲ್ಲಿ ಬೀಗ ತಯಾರಿಕೆಯನ್ನು ಆರಂಭಿಸಿದರು. ಅವರ ಹೆಸರು ಮನೆಮನೆಯ ಕಬ್ಬಿಣದ ಬೀರುವಿಗೂ ಅಂಟಿಕೊಂಡಿತು. ಮನೆಯ ಬಾಗಿಲಿಗೆ ಕ್ಯಾಮರಾ ಇಡುವ ಆಲೋಚನೆ ನ್ಯೂಯಾರ್ಕಿನ ನರ್ಸ್ ಮೇರಿ ವಾನ್ ಬ್ರಿಟನ್ ಬ್ರೌನ್ ಅವರದು. ರಾತ್ರಿ ಪಾಳಿ, ಒಂಟಿ ಮನೆ, ಕರೆದರೆ ತಡವಾಗಿ ಬರುವ ಪೊಲೀಸರು, ಈ ಮೂರರ ನಡುವೆ ಬದುಕುತ್ತಿದ್ದ ಆಕೆ ಪತಿಯೊಡನೆ ಸೇರಿ ರೂಪಿಸಿದ ವ್ಯವಸ್ಥೆಗೆ 1966ರಲ್ಲಿ ಅರ್ಜಿ ಸಲ್ಲಿಸಿ 1969ರಲ್ಲಿ ಪೇಟೆಂಟ್ ಪಡೆದರು. ಹಾಸಿಗೆಯಿಂದ ಏಳದೆ ಬಾಗಿಲಲ್ಲಿ ನಿಂತವರನ್ನು ಪರದೆಯ ಮೇಲೆ ನೋಡಿ ಮಾತಾಡಿಸುವ, ಬೇಕಾದರೆ ಗುಂಡಿ ಒತ್ತಿ ನೆರವು ಕೇಳುವ ಆ ವ್ಯವಸ್ಥೆಯೇ ಇಂದಿನ ವಿಡಿಯೊ ಕರೆಗಂಟೆಯ ಮೂಲರೂಪ. ಭಾರತದ ಹಳ್ಳಿಗೆ ಮನೆಯ ಕ್ಯಾಮರಾ ನಿಜವಾಗಿ ತಲುಪಿದ್ದು 2016ರ ಸೆಪ್ಟೆಂಬರಿನಲ್ಲಿ ಜಿಯೋ ಸೇವೆ ಆರಂಭವಾಗಿ ಮೊಬೈಲ್ ಡೇಟಾ ಅಗ್ಗವಾದ ಮೇಲೆ. ಊರಿಂದ ದೂರದ ತೋಟದ ಮನೆಯಲ್ಲಿ ಸಿಮ್ ಹಾಕಿದ, ಸೌರಫಲಕದಿಂದ ನಡೆಯುವ ಕ್ಯಾಮರಾ ಇಡುವುದು ಆಗ ಸಾಧ್ಯವಾಯಿತು.

ತಡೆಯುವ ಸಾಧನಗಳಲ್ಲಿ ಅತ್ಯಂತ ಸರಳವಾದುದೂ ಹೆಚ್ಚು ನಂಬಬಹುದಾದುದೂ ಬಾಗಿಲಿನ ಸಂವೇದಕ. ಬಾಗಿಲಿಗೆ ಒಂದು ಸಣ್ಣ ಅಯಸ್ಕಾಂತ, ಚೌಕಟ್ಟಿಗೆ ಗಾಜಿನ ಕೊಳವೆಯೊಳಗಿನ ಎರಡು ತೆಳು ಲೋಹದ ಎಲೆಗಳು. ಬಾಗಿಲು ಮುಚ್ಚಿರುವಾಗ ಅಯಸ್ಕಾಂತದ ಸೆಳೆತದಿಂದ ಕೂಡಿರುವ ಎಲೆಗಳು, ಬಾಗಿಲು ಸರಿದೊಡನೆ ಬೇರೆಯಾಗಿ ಸೈರನ್ ಕೂಗುತ್ತದೆ. ಚಲನೆಯ ಸಂವೇದಕ ಮೈಯಿಂದ ಹೊಮ್ಮುವ ಶಾಖದ ಕಿರಣಗಳ ಏರಿಳಿತವನ್ನು ಗ್ರಹಿಸುತ್ತದೆ. ಆದ್ದರಿಂದ ಅಟ್ಟದಿಂದ ಇಳಿಯುವ ಬೆಕ್ಕಿಗೂ ಅದು ಕೂಗಬಹುದು. ಕತ್ತಲಲ್ಲಿ ಕ್ಯಾಮರಾ ನೋಡುವುದು ಕಣ್ಣಿಗೆ ಕಾಣದ ಅವಕೆಂಪು ಬೆಳಕಿನಿಂದ. ಮಳೆಗಾಲದಲ್ಲಿ ಆ ಬೆಳಕಿನಲ್ಲಿ ಹಾರುವ ಹುಳುಗಳು, ಬೆಚ್ಚಗಿನ ಗಾಜಿನ ಮುಂದೆ ಬಲೆ ನೇಯುವ ಜೇಡ, ಗಾಳಿಗೆ ತೂಗುವ ತೆಂಗಿನ ಗರಿ ರಾತ್ರಿಯಿಡೀ ಎಚ್ಚರಿಕೆಯ ಸಂದೇಶಗಳನ್ನು ಕಳಿಸುತ್ತವೆ. ವಾರ ಕಳೆಯುವಷ್ಟರಲ್ಲಿ ಮನೆಯವರು ಫೋನಿನ ಸದ್ದನ್ನೇ ಅಡಗಿಸುತ್ತಾರೆ. ಹಳ್ಳಿಯಲ್ಲಿ ಕ್ಯಾಮರಾ ಸೋಲುವುದಕ್ಕೆ ಕಳ್ಳನ ಜಾಣತನಕ್ಕಿಂತ ಈ ಸುಳ್ಳು ಎಚ್ಚರಿಕೆಗಳೇ ಹೆಚ್ಚು ಕಾರಣವಾಗುತ್ತವೆ. ಕರೆಂಟು ಹೋದಾಗ ಕ್ಯಾಮರಾದೊಡನೆ ವೈಫೈ ಪೆಟ್ಟಿಗೆಯೂ ಆರುವುದರಿಂದ, ಅದಕ್ಕೊಂದು ಸಣ್ಣ ಬ್ಯಾಟರಿಯ ಆಸರೆ ಇಲ್ಲದಿದ್ದರೆ ಇಡೀ ಏರ್ಪಾಟು ಬೇಕಾದ ಹೊತ್ತಿಗೇ ಕುರುಡಾಗುತ್ತದೆ.

ಕ್ಯಾಮರಾ ಎಲ್ಲಿ, ಎಷ್ಟು ಎತ್ತರದಲ್ಲಿ ಇರಬೇಕೆಂಬುದು ಅದರ ಬೆಲೆಗಿಂತ ಮುಖ್ಯ. ಒಬ್ಬ ಅಪರಿಚಿತನ ಮುಖವನ್ನು ಗುರುತಿಸಬೇಕಾದರೆ ದೃಶ್ಯದ ಒಂದು ಮೀಟರ್ ಅಗಲಕ್ಕೆ 250 ಚಿತ್ರಬಿಂದುಗಳು ಬೇಕೆಂಬುದು ಕಣ್ಗಾವಲು ಕ್ಯಾಮರಾಗಳಿಗೆ ಸಂಬಂಧಿಸಿದ ಅಂತರರಾಷ್ಟ್ರೀಯ ಮಾನಕದ ಅಳತೆ. ಸಾಮಾನ್ಯ 2 ಮೆಗಾಪಿಕ್ಸೆಲ್ ಕ್ಯಾಮರಾದ ಚಿತ್ರಕ್ಕೆ ಅಡ್ಡಲಾಗಿ 1,920 ಬಿಂದುಗಳಿರುವುದರಿಂದ ಅದು ಮುಖವನ್ನು ಗುರುತಿಸುವಂತೆ ತೋರಿಸಬಲ್ಲ ಅಗಲ ಹೆಚ್ಚೆಂದರೆ ಏಳೂವರೆ ಮೀಟರ್; ಅಗಲ ನೋಟದ ಮಸೂರವಿದ್ದರೆ ಕ್ಯಾಮರಾದಿಂದ ನಾಲ್ಕು ಮೀಟರ್ ದಾಟಿದ ಮುಖ ಬರಿಯ ಮಸುಕು. ಮಾಳಿಗೆಯ ತುದಿಯಲ್ಲಿ ಕಟ್ಟಿದ ಕ್ಯಾಮರಾ ಇಡೀ ಬೀದಿಯನ್ನು ತೋರಿಸಿದರೂ ಕಳ್ಳನ ಮಂಕಿ ಟೋಪಿಯ ನೆತ್ತಿಯನ್ನು ಬಿಟ್ಟು ಬೇರೇನನ್ನೂ ಕೊಡದು. ಬಾಗಿಲ ಚೌಕಟ್ಟಿನ ಪಕ್ಕದಲ್ಲಿ, ಮುಖದ ಎತ್ತರಕ್ಕಿಂತ ತುಸು ಮೇಲೆ, ಒಳಬರುವವನು ಎದುರಾಗುವಂತೆ ಇಟ್ಟ ಒಂದೇ ಕ್ಯಾಮರಾ, ಸೂರಿನ ಮೇಲಿನ ನಾಲ್ಕಕ್ಕಿಂತ ಹೆಚ್ಚು ಉಪಯೋಗಿ.

ಇವುಗಳಿಂದ ಕಳವು ನಿಜಕ್ಕೂ ಕಡಿಮೆಯಾಗುತ್ತದೆಯೇ? ಅಮೆರಿಕದ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ಷಾರ್ಲಟ್ ಕೇಂದ್ರದ ಸಂಶೋಧಕರು ಮೂರು ರಾಜ್ಯಗಳ ಸೆರೆಮನೆಗಳಲ್ಲಿದ್ದ 422 ಮನೆಗಳ್ಳರನ್ನು ಪ್ರಶ್ನಿಸಿದಾಗ, ಎಚ್ಚರಿಕೆ ಗಂಟೆ ಇರುವುದು ಗೊತ್ತಾದರೆ ಬೇರೆ ಮನೆ ನೋಡಿಕೊಳ್ಳುತ್ತಿದ್ದೆವೆಂದು ಸುಮಾರು 60 ಪ್ರತಿಶತ ಮಂದಿ ಹೇಳಿದರು. ಆ ಅಧ್ಯಯನಕ್ಕೆ ಹಣ ಕೊಟ್ಟದ್ದು ಗಂಟೆ ತಯಾರಕರ ಕಡೆಯ ಸಂಸ್ಥೆ ಎಂಬುದನ್ನು ನೆನಪಿಡಬೇಕು; ಬೇರೆ ಮನೆ ನೋಡಿಕೊಳ್ಳುತ್ತೇವೆಂಬ ಮಾತಿನಲ್ಲಿ ನೆರೆಮನೆಯ ಸಂಕಟ ಅಡಗಿದೆಯೆಂಬುದನ್ನು ಇನ್ನೂ ಹೆಚ್ಚಾಗಿ ನೆನಪಿಡಬೇಕು. ಇದಕ್ಕಿಂತ ಕಲಿಯಲು ಯೋಗ್ಯವಾದುದು ಇಂಗ್ಲೆಂಡಿನ ರಾಚ್‌ಡೇಲ್ ಪಟ್ಟಣದ ಕರ್ಕ್‌ಹೋಲ್ಟ್ ಬಡಾವಣೆಯಲ್ಲಿ 1980ರ ದಶಕದ ಉತ್ತರಾರ್ಧದಲ್ಲಿ ನಡೆದ ಪ್ರಯೋಗ. ಒಮ್ಮೆ ಕಳವಾದ ಮನೆಗೆ ಮತ್ತೆ ಕನ್ನ ಬೀಳುವ ಸಂಭವ ಹೆಚ್ಚೆಂಬುದನ್ನು ಕಂಡ ಅಲ್ಲಿನವರು, ಮನೆಬಳಕೆಯ ಇಂಧನಕ್ಕಾಗಿ ನಾಣ್ಯ ಹಾಕುವ, ಕಳ್ಳರನ್ನು ಸೆಳೆಯುತ್ತಿದ್ದ ಮೀಟರುಗಳನ್ನು ತೆಗೆಸಿ, ಕಳವಾದ ಪ್ರತಿ ಮನೆಯ ಸುತ್ತಲಿನ ಐದಾರು ನೆರೆಹೊರೆಯವರನ್ನು ಆ ಮನೆಯ ಕಾವಲಿಗೆ ಒಪ್ಪಿಸಿದರು. ಮೂರು ವರ್ಷಗಳಲ್ಲಿ ಅಲ್ಲಿನ ಮನೆಗಳವು ಮೊದಲಿನ ನಾಲ್ಕನೇ ಒಂದು ಭಾಗಕ್ಕೆ ಇಳಿಯಿತು. ಬೀಗ ಹಾಕಿದ ಮನೆಗಳ ಮೇಲೆ ನಿಗಾ ಇಡಲು ಆಂಧ್ರಪ್ರದೇಶದ ಪೊಲೀಸರು ನಡೆಸಿದ ಯೋಜನೆಯಲ್ಲಿಯೂ ಇದೇ ತತ್ತ್ವ ಬೇರೆ ರೂಪದಲ್ಲಿದೆ: ಊರಿಗೆ ಹೋಗುವವರು ಆ್ಯಪ್‌ನಲ್ಲಿ ಕೋರಿಕೆ ಸಲ್ಲಿಸಿದರೆ ಪೊಲೀಸರೇ ಉಚಿತವಾಗಿ ಚಲನೆ ಗ್ರಹಿಸುವ ಕ್ಯಾಮರಾ ಇಟ್ಟು, ಒಳಗೆ ಏನಾದರೂ ಅಲುಗಿದರೆ ನಿಯಂತ್ರಣ ಕೊಠಡಿಗೆ ಸಂದೇಶ ಹೋಗುವಂತೆ ಮಾಡುತ್ತಾರೆ. ಕರ್ನಾಟಕದಲ್ಲಿ 2017ರಿಂದ ಪ್ರತಿ ಬೀಟಿಗೆ, ಅಂದರೆ ಗಸ್ತಿನ ಪ್ರದೇಶಕ್ಕೆ, ಒಬ್ಬ ಪೊಲೀಸನನ್ನೂ ಸ್ಥಳೀಯ ನಾಗರಿಕ ಸದಸ್ಯರನ್ನೂ ಜೋಡಿಸುವ ಹೊಸ ಬೀಟ್ ವ್ಯವಸ್ಥೆ ಬಂದಿದೆ. ತುರ್ತು ಕರೆಗೆ 112 ಸಂಖ್ಯೆಯಿದೆ. ಕೂಗುವ ಸೈರನ್ನಿಗೆ ಎದ್ದು ಬರುವ ನೆರೆಯವರು, ಬೀಟ್ ಪೊಲೀಸನ ನಂಬರು ಇರುವ ಬೀದಿಯ ವಾಟ್ಸ್‌ಆ್ಯಪ್ ಗುಂಪು, ಊರಿಗೆ ಹೋಗುವ ಮುನ್ನ ಪಕ್ಕದ ಮನೆಯವರಿಗೆ ಹೇಳಿ ಹೋಗುವ ರೂಢಿ, ಇವಿಲ್ಲದ ಕಡೆ ಸಾಧನವು ಕಳವನ್ನು ತಡೆಯದು, ಅದರ ಚಿತ್ರವನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಜಾತ್ರೆಯ ತೇರಿನ ಮುಂದೆ ನಿಂತ ಇಡೀ ಕುಟುಂಬದ ಪಟವನ್ನು ಆ ಕ್ಷಣವೇ ಸ್ಟೇಟಸ್‌ಗೆ ಹಾಕುವುದು ಮನೆ ಖಾಲಿಯೆಂದು ಡಂಗುರ ಸಾರಿದಂತೆ. ಮರಳಿದ ಮೇಲೆ ಹಾಕಿದರೂ ತೇರು ಅದೇ ತೇರು.

ಪತ್ತೆಯ ವಿಷಯದಲ್ಲಿ ಭಾರತಕ್ಕೆ ಹಿರಿಯ ಪರಂಪರೆಯಿದೆ. ಬೆರಳಚ್ಚಿನ ವರ್ಗೀಕರಣವನ್ನು ರೂಪಿಸುವಲ್ಲಿ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಅವರು ದುಡಿದ ಕಲ್ಕತ್ತೆಯ ಬೆರಳಚ್ಚು ವಿಭಾಗ 1897ರಲ್ಲಿ ಆರಂಭವಾಯಿತು. ದೇಶದ ಎಲ್ಲ ರಾಜ್ಯಗಳ ಬೆರಳಚ್ಚುಗಳನ್ನು ಒಂದೆಡೆ ಹೋಲಿಸಿ ನೋಡುವ ಗಣಕ ವ್ಯವಸ್ಥೆಗೆ 2022ರ ಆಗಸ್ಟಿನಲ್ಲಿ ಚಾಲನೆ ದೊರೆಯಿತು. ಮೀಟಿದ ಬೀರುವಿನ ಬಾಗಿಲನ್ನು ಗಾಬರಿಯಲ್ಲಿ ಮುಟ್ಟಿ ತಡಕಾಡುವುದರಿಂದ ಅಳಿಸಿಹೋಗುವುದು ಇಷ್ಟೆಲ್ಲ ವ್ಯವಸ್ಥೆಗೆ ಬೇಕಾದ ಒಂದೇ ಒಂದು ಗುರುತು. 7 ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176ನೇ ಕಲಮು ಹೇಳುತ್ತದೆ. ಅವರು ಬರುವವರೆಗೆ ಮನೆಯವರು ಹೊರಗೆ ಜಗಲಿಯಲ್ಲಿ ಕಾಯುವುದು ದೊಡ್ಡ ನೆರವು. ಕಳವಾದ ಫೋನಿನ ವಿಷಯದಲ್ಲಿ ಪ್ರತಿ ಫೋನಿಗೂ ಇರುವ 15 ಅಂಕಿಗಳ ಐಎಂಇಐ ಸಂಖ್ಯೆಯೇ ಆಧಾರ. 2023ರ ಮೇ ತಿಂಗಳಿಂದ ದೇಶಾದ್ಯಂತ ದೊರೆಯುತ್ತಿರುವ ಸಂಚಾರ ಸಾಥಿ ಜಾಲತಾಣದಲ್ಲಿ ಪೊಲೀಸ್ ದೂರಿನೊಡನೆ ಅದನ್ನು ನಮೂದಿಸಿದರೆ ಆ ಫೋನು ಯಾವ ಕಂಪನಿಯ ಸಿಮ್ಮಿನಲ್ಲೂ ನಡೆಯದಂತೆ ತಡೆಯಲಾಗುತ್ತದೆ, ಬಳಸಲು ಯತ್ನಿಸಿದರೆ ಸುಳಿವು ಪೊಲೀಸರಿಗೆ ಸಿಗುತ್ತದೆ.

ಆದರೆ ಹಳ್ಳಿಯ ಮನೆಯಿಂದ ಕಳ್ಳ ಬಯಸುವುದು ಮುಖ್ಯವಾಗಿ ಚಿನ್ನವನ್ನು. ಮತ್ತು ಚಿನ್ನ ಕರಗಿದ ಮೇಲೆ ಯಾರದ್ದೂ ಆಗಬಹುದು. ಈ ಕಾರಣಕ್ಕೆ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಎಂಬ ಗುರುತು ಗಮನಾರ್ಹವಾದುದು. 2021ರ ಜುಲೈಯಲ್ಲಿ ಆರಂಭವಾಗಿ 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಒಡವೆಗಳ ಮಾರಾಟಕ್ಕೆ ಕಡ್ಡಾಯವಾದ ಈ ಗುರುತು ಒಂದೊಂದು ಒಡವೆಗೂ ಬೇರೆಬೇರೆ. ಅದನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಒಡವೆಯ ಬಗೆ, ಶುದ್ಧತೆ, ಗುರುತು ಹಾಕಿಸಿದ ಅಂಗಡಿ ತಿಳಿಯುತ್ತದೆ. ಒಡತಿಯ ಹೆಸರು ತಿಳಿಯದು, ಅದಕ್ಕೆ ಬಿಲ್ಲೇ ಬೇಕು. ಅಜ್ಜಿಯಿಂದ ಬಂದ ಅಡ್ಡಿಕೆಗೂ ಕಾಸಿನ ಸರಕ್ಕೂ ಇಂಥ ಗುರುತಾಗಲಿ ಬಿಲ್ಲಾಗಲಿ ಇರುವುದಿಲ್ಲ. ಅವುಗಳಿಗೆ ಇರುವ ಉಪಾಯ ಒಂದೇ: ಬಿಳಿ ಬಟ್ಟೆಯ ಮೇಲೆ ಒಂದೊಂದನ್ನೂ ಹರಡಿ, ಪಕ್ಕದಲ್ಲಿ ಶಾಲೆಯ ಮಕ್ಕಳ ಅಳತೆಪಟ್ಟಿ ಇಟ್ಟು, ಮುಂದಿನಿಂದ, ಹಿಂದಿನಿಂದ, ಬೆಸುಗೆ ಹಾಕಿಸಿದ ಕೊಂಡಿಯ ಹತ್ತಿರದಿಂದ ಫೋನಿನಲ್ಲಿ ಪಟ ತೆಗೆದು, ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿಸಿದ ತೂಕವನ್ನು ಬರೆದು, ಆ ಪಟಗಳನ್ನು ಬೇರೂರಿನಲ್ಲಿರುವ ಮಗಳ ಫೋನಿಗೂ ಕಳಿಸಿಡುವುದು. ಕಳ್ಳ ಸಿಕ್ಕಿ ಒಡವೆ ಜಪ್ತಿಯಾದಾಗ, ಒಂದೇ ಬಗೆಯ ಹತ್ತು ಸರಗಳ ನಡುವೆ ತನ್ನದನ್ನು ತೋರಿಸಬೇಕಾದ ಹೆಂಗಸಿಗೆ ಆ ಬೆಸುಗೆಯ ಪಟವೇ ಸಾಕ್ಷಿ. ಜಪ್ತಿಯಾದ ಮಾಲನ್ನು ಠಾಣೆಯಲ್ಲಿ ವರ್ಷಗಟ್ಟಲೆ ಕೊಳೆಹಾಕದೆ ಪಟ, ಮಹಜರು ಇಟ್ಟುಕೊಂಡು ಬೇಗ ಮರಳಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2002ರ ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಹೇಳಿತು. ಸುರಕ್ಷಾ ಸಂಹಿತೆಯ 497ನೇ ಕಲಮು ಇದಕ್ಕೀಗ ದಿನಗಳ ಗಡುವನ್ನೂ ಹಾಕಿದೆ.

ಕ್ಯಾಮರಾ ಯಾರ ಕಡೆಗೆ ನೋಡುತ್ತಿದೆ ಎಂಬ ಪ್ರಶ್ನೆಯನ್ನು ಬದನವಾಳಿನಂಥ ಊರಿನಲ್ಲಿ ತಪ್ಪಿಸಿಕೊಳ್ಳಲಾಗದು. 1993ರಲ್ಲಿ ದೇವಸ್ಥಾನ ಪ್ರವೇಶದ ವಿವಾದದ ಬೆನ್ನಿಗೆ ಮೂವರು ದಲಿತರು ಕೊಲೆಯಾದ ಮೇಲೆ ಎರಡು ಕೇರಿಗಳನ್ನು ಜೋಡಿಸುವ ರಸ್ತೆ ಬಳಕೆ ತಪ್ಪಿತ್ತು. 2022ರ ಅಕ್ಟೋಬರಿನಲ್ಲಿ ಅದನ್ನು ದುರಸ್ತಿಮಾಡಿ ಮತ್ತೆ ತೆರೆಯಲಾಯಿತು. ಅಂಥ ರಸ್ತೆಯತ್ತ ಒಂದು ಮನೆಯ ಕ್ಯಾಮರಾ ಮುಖಮಾಡಿದರೆ ಅದು ಕಳ್ಳನಿಗಾಗಿ ಇಟ್ಟದ್ದೋ, ಯಾರು ಯಾರ ಮನೆಗೆ ಹೋಗಿಬರುತ್ತಾರೆಂದು ನೋಡಲು ಇಟ್ಟದ್ದೋ ಎಂಬ ಅನುಮಾನ ಸಹಜ. ಕಣ್ಗಾವಲು ಹುಟ್ಟಿನ ಮೇಲೆ ಬಿದ್ದ ಇತಿಹಾಸವೂ ಈ ದೇಶದ್ದೇ: 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಇಡೀ ಸಮುದಾಯಗಳನ್ನು ಹುಟ್ಟುಗಳ್ಳರೆಂದು ಪಟ್ಟಿಮಾಡಿ, ಊರು ಬಿಟ್ಟು ಕದಲಲು ಅಪ್ಪಣೆ ಕೇಳುವಂತೆ ಮಾಡಿತ್ತು; 1952ರಲ್ಲಿ ಆ ಕಾಯ್ದೆ ರದ್ದಾದರೂ ಅಲೆಮಾರಿಗಳ ಮೇಲಿನ ಸಂದೇಹ ರದ್ದಾಗಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಹರಿದ ಮಕ್ಕಳ ಕಳ್ಳರ ವದಂತಿಯಿಂದ 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಗುಂಪೊಂದು ರಾಜಸ್ಥಾನದಿಂದ ಬಂದಿದ್ದ ಬಡ ಕೂಲಿಯನ್ನು ಹೊಡೆದು ಕೊಂದಿತು. ಆದ್ದರಿಂದ ಕ್ಯಾಮರಾದ ನೋಟ ಸ್ವಂತ ಬಾಗಿಲು, ಸ್ವಂತ ಹಿತ್ತಲಿಗೆ ಸೀಮಿತವಾಗಿರಬೇಕು, ಅನುಮಾನದ ದೃಶ್ಯ ಠಾಣೆಗೆ ಹೋಗಬೇಕೇ ಹೊರತು ಊರ ಗುಂಪಿಗೆ ಹೋಗಬಾರದು. ಖಾಸಗಿತನ ಮೂಲಭೂತ ಹಕ್ಕೆಂದು 2017ರಲ್ಲಿ ಸರ್ವೋಚ್ಚ ನ್ಯಾಯಾಲಯದಿಂದ ತೀರ್ಪು ಪಡೆದ ಅರ್ಜಿದಾರ ಕೆ.ಎಸ್. ಪುಟ್ಟಸ್ವಾಮಿಯವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳಾಗಿದ್ದರು; ಆ ಹಕ್ಕು ಎದುರು ಮನೆಯ ಜಗಲಿಗೂ ಸೇರಿದ್ದು. ಮನೆಯೊಳಗಿನ ಕ್ಯಾಮರಾವೂ ಹೊರಗಿನವರ ಕಣ್ಣಾಗಬಲ್ಲದು. ತಯಾರಕರು ಹಾಕಿಕೊಟ್ಟ ಪಾಸ್‌ವರ್ಡನ್ನು ಬದಲಿಸದೆ ಬಿಟ್ಟ ಕ್ಯಾಮರಾಗಳನ್ನೂ ದೃಶ್ಯ ಸಂಗ್ರಹದ ಪೆಟ್ಟಿಗೆಗಳನ್ನೂ 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಲಕ್ಷಗಟ್ಟಲೆ ವಶಪಡಿಸಿಕೊಂಡಿತ್ತು. ಭಾರತದಲ್ಲಿ ಮಾರುವ ಸಿಸಿ ಕ್ಯಾಮರಾಗಳಿಗೆ ಭದ್ರತಾ ಪರೀಕ್ಷೆ 2025ರ ಏಪ್ರಿಲಿನಿಂದ ಕಡ್ಡಾಯವಾಗಿದೆ.

ದೃಶ್ಯವು ನ್ಯಾಯಾಲಯದಲ್ಲಿ ನಿಲ್ಲಬೇಕಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು. ಹಿಂದಿನ ಕಾಯ್ದೆಯ 65ಬಿ ಕಲಮಿನ ಇಂಥದೇ ಪತ್ರ ಕಡ್ಡಾಯವೆಂದು 2020ರಲ್ಲಿ ಅರ್ಜುನ್ ಪಂಡಿತರಾವ್ ಖೋತ್ಕರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತ್ತು; ಮೂಲ ಸಾಧನವನ್ನೇ ಅದರ ಮಾಲೀಕರು ತಂದು ಸಾಕ್ಷಿ ನುಡಿದರೆ ಮಾತ್ರ ವಿನಾಯಿತಿ. ಹೊಸ ಪ್ರಮಾಣಪತ್ರದಲ್ಲಿ ಸಾಧನದ ಉಸ್ತುವಾರಿ ಹೊತ್ತವರ ಭಾಗ ಒಂದು, ತಜ್ಞರ ಭಾಗ ಒಂದು. ಜೊತೆಗೆ ಕಡತದ ಹ್ಯಾಷ್ ಮೌಲ್ಯ, ಅಂದರೆ ಕಡತದ ಒಂದು ಬಿಂದು ಬದಲಾದರೂ ಪೂರ್ತಿ ಬದಲಾಗುವ ಗಣಿತದ ಗುರುತು. ಟಿವಿ ಪರದೆಯ ಮೇಲೆ ಓಡುವ ದೃಶ್ಯವನ್ನು ಮತ್ತೊಂದು ಫೋನಿನಲ್ಲಿ ಚಿತ್ರಿಸಿ ಕೊಟ್ಟರೆ ಈ ಯಾವುದೂ ನಡೆಯದು. ದೃಶ್ಯ ಸಂಗ್ರಹದ ಪೆಟ್ಟಿಗೆಯ ಗಡಿಯಾರ ತಪ್ಪಾಗಿದ್ದರೆ ಅದನ್ನು ತಿದ್ದದೆ, ನಿಜವಾದ ಸಮಯಕ್ಕೂ ಅದಕ್ಕೂ ಇರುವ ವ್ಯತ್ಯಾಸವನ್ನು ಮಹಜರಿನಲ್ಲಿ ಬರೆಸಬೇಕು. ಈ ಪೆಟ್ಟಿಗೆಯನ್ನೇ ಹೊತ್ತೊಯ್ಯುವ ಕಳ್ಳರೂ ಇರುವುದರಿಂದ ಅದು ಟಿವಿಯ ಪಕ್ಕದಲ್ಲಿರದೆ ಅಟ್ಟದಲ್ಲೋ ಬೀಗವಿರುವ ಕಪಾಟಿನಲ್ಲೋ ಇರುವುದು ಮೇಲು. ಎಲ್ಲಕ್ಕಿಂತ ಅವಸರದ ಕೆಲಸ ದೃಶ್ಯವನ್ನು ಉಳಿಸುವುದು. ಸೆಕೆಂಡಿಗೆ 2 ಮೆಗಾಬಿಟ್ ದರದಲ್ಲಿ ಬರೆಯುವ ನಾಲ್ಕು ಕ್ಯಾಮರಾಗಳು ದಿನಕ್ಕೆ ಸುಮಾರು 86 ಗಿಗಾಬೈಟ್ ತುಂಬಿಸುತ್ತವೆ, 1 ಟೆರಾಬೈಟ್ ಡಿಸ್ಕು ಹನ್ನೊಂದೂವರೆ ದಿನಕ್ಕೆ ತುಂಬಿ ಹಳೆಯದರ ಮೇಲೆ ಹೊಸದನ್ನು ಬರೆಯತೊಡಗುತ್ತದೆ. ಎರಡು ವಾರದ ಪ್ರವಾಸ ಮುಗಿಸಿ ಬಂದವರ ಮನೆಯಲ್ಲಿ, ಅವರು ಹೊರಟ ರಾತ್ರಿಯೇ ಕನ್ನ ಬಿದ್ದಿದ್ದರೆ, ಆ ರಾತ್ರಿಯ ದೃಶ್ಯ ಡಿಸ್ಕಿನಲ್ಲಿ ಇರುವುದಿಲ್ಲ.